ಹಿಂದಿನ ಸೀಟಿನಿಂದ ಶುರು

ಹೊಸ ಬೈಕ್ ಕೊಂಡ ನಮ್ಮ ಕಡೆಯ ಹುಡುಗರು ಮೊದಲು ಮಾಡಿಸುವ ಕೆಲಸ ಸೀರೆ ಗಾರ್ಡ್ ಬಿಚ್ಚಿಸುವುದು. ಕೆಲವರಂತೂ ಶೋರೂಮಿನಲ್ಲೇ ಬಿಚ್ಚಿಸಿಕೊಂಡು ಬರುತ್ತಾರೆ. ನಾಲ್ಕು ಬೋಲ್ಟ್ ತಿರುಗಿಸುವಷ್ಟು ಕೆಲಸ. ಬಿಚ್ಚಿದ ಕೂಡಲೇ ಹಿಂದಿನ ಚಕ್ರ ಪೂರ್ತಿ ಕಾಣುತ್ತದೆ. ಗಾಡಿ ಸ್ವಲ್ಪ ಹಗುರಾದ ಹಾಗೆ, ಚುರುಕಾದ ಹಾಗೆ ಕಾಣುತ್ತದೆ. ಚೆನ್ನಾಗಿ ಕಾಣಬೇಕು ಎನ್ನುವ ಆಸೆಯಲ್ಲಿ ತಪ್ಪೇನೂ ಇಲ್ಲ. ಇಷ್ಟು ದುಡ್ಡು ಕೊಟ್ಟು ತಂದ ಗಾಡಿ ಬಗ್ಗೆ ಅಷ್ಟೂ ಆಸೆ ಇಲ್ಲದಿದ್ದರೆ ಹೇಗೆ?

ಆದರೆ ಆ ಕಬ್ಬಿಣದ ಜಾಲರಿ ಅಲ್ಲಿ ಸುಮ್ನೆ ಕೂತಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೇ ನಿಯಮ ಅದಕ್ಕಾಗಿಯೇ ಇದೆ. ಹಿಂದೆ ಕೂರುವವರಿಗೆ ಹಿಡಿದುಕೊಳ್ಳಲು ಗಟ್ಟಿಯಾದ ಹಿಡಿ ಇರಬೇಕು, ಕಾಲಿಡಲು ಫುಟ್‌ರೆಸ್ಟ್ ಇರಬೇಕು, ಬಟ್ಟೆ ಚಕ್ರಕ್ಕೆ ಸಿಕ್ಕಿಕೊಳ್ಳದ ಹಾಗೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆ ಇಲ್ಲದಷ್ಟು ಭಾಗ ಮುಚ್ಚಿರಬೇಕು ಎಂದು ಅದು ಹೇಳುತ್ತದೆ. ಈ ಮೂರೂ ಓಡಿಸುವವನಿಗೆ ಬೇಕಾದ್ದಲ್ಲ, ಅವನ ಬೆನ್ನ ಹಿಂದೆ ಕೂತವರಿಗೆ ಬೇಕಾದ್ದು. ಗಾಡಿಗೆ ಮೊದಲು ಏನು ಮಾಡಿಸಬೇಕು ಎಂದು ಯೋಚಿಸುತ್ತಿದ್ದಾಗ ನನ್ನ ಲೆಕ್ಕ ಶುರುವಾದದ್ದು ಇಲ್ಲಿಂದ.

ನಾನು ಕೊಂಡದ್ದು ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ನಮ್ಮ ದೇಶದಲ್ಲಿ ಜನ ಕೈ ಹಾಕಿ ಬದಲಾಯಿಸಲು ಇಷ್ಟಪಡುವ ಗಾಡಿಗಳಲ್ಲಿ ಇದು ಮುಂದಿನ ಸಾಲಿನದು. ಸೈಲೆನ್ಸರ್, ಹ್ಯಾಂಡಲ್, ಕನ್ನಡಿ, ಇಂಡಿಕೇಟರ್, ಸೀಟು, ಟ್ಯಾಂಕಿನ ಬಣ್ಣ, ಎಲ್ಲಕ್ಕೂ ಅಂಗಡಿಯಲ್ಲಿ ಹತ್ತಾರು ಬಗೆ ಸಿಗುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಮಧ್ಯಾಹ್ನ ಅಡ್ಡಾಡಿದರೆ ಸಾಕು, ಪಟ್ಟಿ ತಾನಾಗಿ ಬೆಳೆಯುತ್ತದೆ. ಕಂಪನಿಯೇ ಬುಕಿಂಗ್ ಮಾಡುವಾಗ ಆಕ್ಸೆಸರಿಗಳ ದೊಡ್ಡ ಪಟ್ಟಿ ತೋರಿಸುತ್ತದೆ. ಆಗ ಮನಸ್ಸಿನಲ್ಲಿ ಬರುವ ಚಿತ್ರದಲ್ಲಿ ನಾವೊಬ್ಬರೇ ಇರುತ್ತೇವೆ. ಖಾಲಿ ರಸ್ತೆ, ಖಾಲಿ ಹಿಂದಿನ ಸೀಟು. ನಮ್ಮ ಮನೆಯ ನಿಜ ಬೇರೆ. ಈ ಗಾಡಿಯ ಹಿಂದಿನ ಸೀಟು ಖಾಲಿ ಇರುವುದೇ ಕಡಿಮೆ. ಅಮ್ಮ ಸೀರೆ ಉಟ್ಟು ಒಂದು ಪಕ್ಕಕ್ಕೆ ಕೂರುತ್ತಾರೆ. ಹೆಂಡತಿ ಚೂಡಿದಾರದಲ್ಲಿ ಎರಡೂ ಕಡೆ ಕಾಲು ಹಾಕಿ ಕೂರುತ್ತಾಳೆ. ಮೈಸೂರಿನ ಮಾರ್ಕೆಟ್ಟು, ಆಸ್ಪತ್ರೆ, ನೆಂಟರ ಮನೆ, ಸೋಮವಾರ ನಂಜನಗೂಡಿನ ದೇವಸ್ಥಾನ. ಇದೇ ಈ ಗಾಡಿಯ ನಿಜವಾದ ಓಡಾಟ.

ಮೈಸೂರಿನಲ್ಲಿ ಹಳೆಯ ಮೆಕ್ಯಾನಿಕ್‌ಗಳು ಇನ್ನೂ ಇದ್ದಾರೆ. ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಫ್ಯಾಕ್ಟರಿ 1996ರಲ್ಲಿ ಬಾಗಿಲು ಹಾಕಿತು. ಆದರೆ ಜಾವಾ, ಯೆಜ್ಡಿ ಬಿಚ್ಚಿ ಜೋಡಿಸಿ ಬೆಳೆದ ಕೈಗಳು ಊರಲ್ಲಿ ಉಳಿದವು. ಅಂಥವರೊಬ್ಬರ ಹತ್ತಿರ ನನ್ನ ಪಟ್ಟಿ ತೋರಿಸಿದೆ. ಅವರು ಪಟ್ಟಿ ಪೂರ್ತಿ ಓದಲಿಲ್ಲ.

"ಮನೇಲಿ ಯಾರ್ಯಾರು ಕೂರ್ತಾರೆ ಸಾರ್ ಇದರ ಮೇಲೆ?" ಎಂದರು.

"ಅಮ್ಮ, ನಮ್ಮ ಮನೆಯವರು."

"ಹಂಗಾದ್ರೆ ಮೊದಲು ಅವರನ್ನ ಕೂರಿಸ್ಕೊಂಡು ಓಡಿಸಿ. ಫಸ್ಟ್ ಸರ್ವೀಸ್ ಆಗ್ಲಿ. ಆಮೇಲೆ ಅವರನ್ನೇ ಕೇಳಿ, ಏನು ಬದಲಾಯಿಸ್ಬೇಕು ಅಂತ."

ಈ ಗಾಡಿಗೆ ಮೊದಲ ಸರ್ವೀಸ್ 500 ಕಿಲೋಮೀಟರಿಗೆ. ಅಲ್ಲಿಯವರೆಗೆ ಎಂಜಿನ್ ಕೂಡ ಹೊಂದಿಕೊಳ್ಳುತ್ತಿರುತ್ತದೆ, ಜೋರಾಗಿ ಎಳೆಯಬಾರದು. ಹಾಗಾಗಿ ಕಾಯುವುದರಿಂದ ಏನೂ ಕಳೆದುಕೊಳ್ಳುವುದಿಲ್ಲ.

ಅಮ್ಮನನ್ನು ಕೇಳಿದಾಗ ಬಂದ ಉತ್ತರಗಳು ಯಾವ ಅಂಗಡಿಯ ಪಟ್ಟಿಯಲ್ಲೂ ಇರಲಿಲ್ಲ. "ಹತ್ತೋದೇ ಕಷ್ಟ ಕಣೋ" ಎಂದರು ಮೊದಲು. ಓಡಿಸುವವನ ಸೀಟೇ ನೆಲದಿಂದ 805 ಮಿಲಿಮೀಟರ್ ಎತ್ತರ. ಹಿಂದಿನದು ಅದಕ್ಕಿಂತ ಎತ್ತರ. ಮೊಣಕಾಲು ನೋವಿರುವವರು ಪಕ್ಕದಿಂದ ಹಿಮ್ಮುಖವಾಗಿ ಅಷ್ಟು ಎತ್ತರಕ್ಕೆ ಏರಿ ಕೂರಬೇಕು. ಮನೆ ಮುಂದೆ ಆದರೆ ಜಗಲಿಯ ಮೆಟ್ಟಿಲಿಗೆ ಗಾಡಿ ಒತ್ತರಿಸಿ ನಿಲ್ಲಿಸುತ್ತೇನೆ. ಆಸ್ಪತ್ರೆ ಮುಂದೆ, ಬಸ್ ಸ್ಟ್ಯಾಂಡಿನಲ್ಲಿ ಮೆಟ್ಟಿಲು ಎಲ್ಲಿಂದ ತರುವುದು? ಅಲ್ಲಿ ಕೆಲಸಕ್ಕೆ ಬರುವುದು ಸೀರೆ ಗಾರ್ಡಿನ ಕೆಳಗೆ ಇರುವ ಚಪ್ಪಟೆ ಫುಟ್‌ರೆಸ್ಟ್. ಅದರ ಮೇಲೆ ಒಂದು ಕಾಲಿಟ್ಟು, ನನ್ನ ಭುಜ ಹಿಡಿದು ಏರುತ್ತಾರೆ. ಕೂತ ಮೇಲೂ ಎರಡು ಪಾದಕ್ಕೂ ಅದೇ ಆಧಾರ. ಚಂದಕ್ಕೆ ಅಂತ ಗಾರ್ಡ್ ಬಿಚ್ಚಿಸಿದರೆ ಅದರ ಜೊತೆ ಈ ಮೆಟ್ಟಿಲೂ ಹೋಗುತ್ತದೆ.

ಹಾಗಾಗಿ ನಾನು ಮಾಡಿಸಿದ ಮೊದಲ ಮಾಡಿಫಿಕೇಶನ್ ನೋಡಿದರೆ ಯಾರಿಗೂ ಕಾಣುವುದಿಲ್ಲ. ಆ ಫುಟ್‌ರೆಸ್ಟಿಗೆ ಜಾರದ ರಬ್ಬರ್ ಹಾಕಿಸಿದೆ. ಮಳೆಯಲ್ಲಿ ಚಪ್ಪಲಿ ಜಾರಬಾರದು. ಗಾರ್ಡಿನ ಬೋಲ್ಟುಗಳನ್ನು ಎಣ್ಣೆ ಬದಲಾಯಿಸುವ ದಿನಗಳಲ್ಲಿ ಬಿಗಿ ನೋಡುವ ಅಭ್ಯಾಸ ಮಾಡಿಕೊಂಡೆ. ಮನುಷ್ಯರ ಪೂರ್ತಿ ಭಾರ ಹೊರುವ ಬೋಲ್ಟು ಅದು. ಸಡಿಲವಾದರೆ ಮೊದಲು ಗೊತ್ತಾಗುವುದು ಏರುವವರಿಗೆ.

ಇಲ್ಲೊಂದು ತೊಡಕು ಇದೆ. ಲಾಂಗ್ ಹೋಗುವ ಆಸೆ ಇರುವವರು ಎರಡೂ ಕಡೆ ಬ್ಯಾಗ್ ಹಾಕಲು ಸ್ಯಾಡಲ್ ಸ್ಟೇ ಎನ್ನುವ ಕಂಬಿ ಬೇಕು ಎನ್ನುತ್ತಾರೆ. ನನಗೂ ಆ ಆಸೆ ಇದೆ. ಆದರೆ ಬಹಳಷ್ಟು ಸ್ಟೇಗಳನ್ನು ಎಡಗಡೆ ಕೂರಿಸಬೇಕಾದರೆ ಸೀರೆ ಗಾರ್ಡ್ ತೆಗೆಯಬೇಕು. ಕೂರಿಸಿದ ಮೇಲೆ ಆ ಕಡೆ ಕಾಲಿಡಲು ಜಾಗವೇ ಉಳಿಯುವುದಿಲ್ಲ. ಈ ಗಾಡಿಯ ಸೈಲೆನ್ಸರ್ ಬಲಗಡೆ ಇದೆ. ಹಾಗಾಗಿ ಎಡಗಡೆ ಕೂತವರ ಕಾಲಿಗೆ ಬಿಸಿ ತಾಗುವುದಿಲ್ಲ. ಆ ಎಡಪಕ್ಕ ಇಡೀ ಗಾಡಿಯಲ್ಲಿ ಅಮ್ಮನಿಗೆ ಸೇರಿದ ಜಾಗ. ಅದನ್ನು ಬ್ಯಾಗಿಗೆ ಬಿಟ್ಟುಕೊಡಲು ನಾನು ಒಪ್ಪಲಿಲ್ಲ. ಬಲಗಡೆಗೆ ಒಂದೇ ಸ್ಟೇ, ಹಿಂದೆ ಒಂದು ಚಿಕ್ಕ ಕ್ಯಾರಿಯರ್. ಎರಡು ದಿನದ ಬಟ್ಟೆಗೆ ಇಷ್ಟು ಸಾಕು.

ಹೆಂಡತಿಯ ದೂರು ಬೇರೆ. "ಹಿಡ್ಕೊಳ್ಳೋಕೆ ಏನೂ ಇಲ್ಲ ರೀ, ಬ್ರೇಕ್ ಹಾಕಿದಾಗಲೆಲ್ಲ ನಿಮ್ಮ ಮೇಲೇ ಬೀಳ್ತೀನಿ." ಹಿಂದಿನ ಸೀಟು ಚಿಕ್ಕದು, ಸ್ವಲ್ಪ ಮುಂದಕ್ಕೆ ವಾಲಿದ ಹಾಗೆ ಅನ್ನಿಸುತ್ತದೆ. ಹಿಂದೆ ಹಿಡಿ ಇದೆ. ಆದರೆ ಬ್ರೇಕ್ ಹಾಕಿದಾಗ ಕೈ ಹಿಂದಕ್ಕೆ ಚಾಚಿ ಹಿಡಿದುಕೊಳ್ಳುವಷ್ಟು ಹೊತ್ತು ಯಾರಿಗಿರುತ್ತದೆ? ಬೆನ್ನಿಗೆ ಆಸರೆಯಾಗುವ ಬ್ಯಾಕ್‌ರೆಸ್ಟ್ ಹಾಕಿಸಿದೆ. ಕಂಪನಿಯದ್ದೇ ಹಾಕಿಸಿದ್ದರಿಂದ ಕೊರೆಯುವುದು, ವೆಲ್ಡ್ ಮಾಡುವುದು ಏನೂ ಬೇಕಾಗಲಿಲ್ಲ. ಬೆನ್ನು ಒರಗಿದರೆ ಭುಜ ಸಡಿಲವಾಗುತ್ತದೆ, ನನ್ನ ಮೇಲೆ ಬೀಳುವ ಭಾರವೂ ಕಡಿಮೆಯಾಗುತ್ತದೆ. ಅಮ್ಮನಿಗೆ ಮಾತ್ರ ಇದು ಅಷ್ಟೇನೂ ಉಪಯೋಗ ಇಲ್ಲ. ಪಕ್ಕಕ್ಕೆ ಕೂತವರಿಗೆ ಅದು ಎಡಗೈಯಲ್ಲಿ ಹಿಡಿದುಕೊಳ್ಳುವ ಕಂಬಿ ಅಷ್ಟೇ. ಅಷ್ಟಾದರೂ ಆಯಿತಲ್ಲ.

ಇನ್ನೊಂದು ಬದಲಾವಣೆಗೆ ಒಂದು ರೂಪಾಯಿಯೂ ಖರ್ಚಿಲ್ಲ. ಹಿಂದಿನ ಎರಡು ಶಾಕ್ ಅಬ್ಸಾರ್ಬರ್‌ಗಳ ಸ್ಪ್ರಿಂಗನ್ನು ಆರು ಹಂತಗಳಲ್ಲಿ ಬಿಗಿ ಮಾಡಬಹುದು. ಇದನ್ನೇ ಪ್ರೀಲೋಡ್ ಎನ್ನುವುದು. ಗಾಡಿಯ ತೂಕವೇ 195 ಕಿಲೋ. ಇಬ್ಬರು ಕೂತರೆ ಹಿಂಭಾಗ ತಗ್ಗುತ್ತದೆ, ಮುಂಭಾಗ ಎದ್ದು ನಿಲ್ಲುತ್ತದೆ. ಆಗ ಏನಾಗುತ್ತದೆ? ಹಂಪ್ ಬಂದಾಗ ಹಿಂದೆ ಕೂತವರ ಸೊಂಟಕ್ಕೆ ಧಡ್ ಎಂದು ಹೊಡೆತ. ತಿರುವಿನಲ್ಲಿ ಮುಂದಿನ ಚಕ್ರ ಹಗುರಾದ ಹಾಗೆ ಅನ್ನಿಸುತ್ತದೆ. ರಾತ್ರಿಯಾದರೆ ಹೆಡ್‌ಲೈಟ್ ಮೇಲಕ್ಕೆ ನೋಡುತ್ತದೆ, ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ. ಒಂದೆರಡು ಹಂತ ಬಿಗಿ ಮಾಡಿದರೆ ಈ ಮೂರೂ ಸುಧಾರಿಸುತ್ತವೆ. ಅದಕ್ಕೆ ಬೇಕಾದ್ದು ಕೊಕ್ಕೆಯಂಥ ಒಂದು ಸ್ಪ್ಯಾನರ್. ಇಬ್ಬರು ಓಡಾಡುವ ಮನೆಯಲ್ಲಿ ಗಾಡಿಯನ್ನು ಶೋರೂಮಿನಿಂದ ಬಂದ ಹಂತದಲ್ಲೇ ವರ್ಷಗಟ್ಟಲೆ ಓಡಿಸುವುದು ನನಗೆ ಬೇಸರ ತರಿಸುವ ಸಂಗತಿ. ಡೆಲಿವರಿ ದಿನ ಪೂಜೆ, ಫೋಟೋ, ಸ್ವೀಟು ಎಲ್ಲ ಆಗುತ್ತದೆ. "ಇಬ್ಬರು ಕೂರ್ತೀರಾ? ಸ್ಪ್ರಿಂಗ್ ಹೊಂದಿಸಿ ಕೊಡ್ಲಾ?" ಎಂದು ಕೇಳುವವರು ಸಿಗುವುದೇ ಇಲ್ಲ. ಟೈರಿನ ಗಾಳಿಯದ್ದೂ ಇದೇ ಕಥೆ. ಒಬ್ಬರಿಗೆ ಒಂದು ಲೆಕ್ಕ, ಇಬ್ಬರಿಗೆ ಇನ್ನೊಂದು ಲೆಕ್ಕ ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತದೆ. ಒಂದು ಒಳ್ಳೆಯ ಗೇಜ್ ಕೊಂಡು ಮನೆಯಲ್ಲಿಟ್ಟುಕೊಂಡರೆ ಪೆಟ್ರೋಲ್ ಬಂಕಿನ ಮೀಟರನ್ನು ನಂಬಿಕೊಂಡು ಕೂರಬೇಕಿಲ್ಲ.

ಬೆಳಕಿನ ಮಾತು ಬಂತಲ್ಲ, ಅದನ್ನು ಮುಗಿಸಿಬಿಡುತ್ತೇನೆ. ಫಾಗ್ ಲ್ಯಾಂಪ್ ಹಾಕಿಸಿ ಎಂದು ಹೇಳದ ಗೆಳೆಯ ಇಲ್ಲ. ಮಂಡ್ಯ, ಮಳವಳ್ಳಿ ಕಡೆ ಕಬ್ಬು ಕಡಿಯುವ ಕಾಲದಲ್ಲಿ ರಾತ್ರಿ ಬೈಕ್ ಓಡಿಸಿದವರಿಗೆ ಅದರ ಆಸೆ ಏಕೆ ಎಂದು ಗೊತ್ತು. ಹಿಂದೆ ಲೈಟಿಲ್ಲದ, ರಿಫ್ಲೆಕ್ಟರ್ ಇಲ್ಲದ ಕಬ್ಬಿನ ಟ್ರ್ಯಾಕ್ಟರ್ ಕತ್ತಲಲ್ಲಿ ಥಟ್ಟನೆ ಎದುರಾಗುತ್ತದೆ. ಬೆಳಕು ಬೇಕು, ನಿಜ. ಆದರೆ ರಸ್ತೆಯಲ್ಲಿ ಈಗ ಕಾಣುತ್ತಿರುವ ಬಿಳಿ ಲೈಟುಗಳಲ್ಲಿ ಜಾಸ್ತಿ ರಸ್ತೆಗೆ ಬೀಳುವುದೇ ಇಲ್ಲ, ಎದುರಿನವರ ಮುಖಕ್ಕೆ ಬೀಳುತ್ತವೆ. ಹ್ಯಾಲೊಜೆನ್ ಬಲ್ಬಿಗೆಂದು ಮಾಡಿದ ರಿಫ್ಲೆಕ್ಟರಿನಲ್ಲಿ ಅಗ್ಗದ ಎಲ್‌ಇಡಿ ಬಲ್ಬ್ ಸಿಕ್ಕಿಸಿದರೂ ಇದೇ ಆಗುತ್ತದೆ. ರಿಫ್ಲೆಕ್ಟರಿನ ಬಾಗು ಒಂದು ನಿರ್ದಿಷ್ಟ ಜಾಗದಲ್ಲಿ ಉರಿಯುವ ತಂತಿಗೆಂದು ಲೆಕ್ಕ ಹಾಕಿದ್ದು. ಬೆಳಕು ಹುಟ್ಟುವ ಜಾಗ ಕೊಂಚ ಬದಲಾದರೂ ಅದು ಚೆಲ್ಲಾಪಿಲ್ಲಿ ಆಗುತ್ತದೆ. ಕ್ಲಾಸಿಕ್‌ಗೆ 2024ರಿಂದ ಕಂಪನಿಯೇ ಎಲ್‌ಇಡಿ ಹೆಡ್‌ಲೈಟ್ ಕೊಡುತ್ತಿದೆ. ನಾನು ಅದನ್ನೇ ಗೋಡೆಗೆ ಹಿಡಿದು, ಹಿಂದೆ ಹೆಂಡತಿಯನ್ನು ಕೂರಿಸಿ, ಎತ್ತರ ಸರಿಮಾಡಿಸಿಕೊಂಡೆ. ಸದ್ಯಕ್ಕೆ ಅಷ್ಟೇ. ಮುಂದೆ ಹೆಚ್ಚುವರಿ ಲೈಟು ಬೇಕೇ ಬೇಕು ಅನ್ನಿಸಿದರೆ ರಿಲೇ, ಫ್ಯೂಸ್ ಹಾಕಿ, ವೈರ್ ಕತ್ತರಿಸದೆ ಕೂರಿಸುವವರ ಹತ್ತಿರ ಮಾತ್ರ ಹೋಗುತ್ತೇನೆ. ವೈರಿಂಗ್ ಕತ್ತರಿಸಿದರೆ ವಾರಂಟಿಗೂ ತೊಂದರೆ.

ಮುಂದೆ ದೊಡ್ಡ ವಿಂಡ್‌ಶೀಲ್ಡ್ ಬೇಕೇ ಎನ್ನುವ ಪ್ರಶ್ನೆಗೆ ಉತ್ತರ ಕೊಟ್ಟದ್ದು ರಸ್ತೆ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಲೇನುಗಳಲ್ಲಿ ಬೈಕುಗಳಿಗೆ ಪ್ರವೇಶ ಇಲ್ಲ. ನಾವು ಸರ್ವೀಸ್ ರಸ್ತೆಯಲ್ಲಿ, ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರದ ಊರೊಳಗಿನ ಹಳೆಯ ರಸ್ತೆಯಲ್ಲಿ ಹೋಗಬೇಕು. ಹಂಪು, ಎಮ್ಮೆ, ಎದುರು ಬರುವ ಆಟೋ, ಅಡ್ಡ ಬರುವ ಮಕ್ಕಳು. ಅಲ್ಲಿ ಗಾಳಿ ಎದೆಗೆ ಹೊಡೆಯುವಷ್ಟು ವೇಗವೇ ಬರುವುದಿಲ್ಲ. ಬೇಕಾದ್ದು ಒಳ್ಳೆಯ ಬ್ರೇಕು, ಹದವಾದ ಸಸ್ಪೆನ್ಶನ್. ಅಂಥ ರಸ್ತೆಗೆ ಲೆಗ್ ಗಾರ್ಡ್ ಬೇಕು ಎಂದೂ ಅನ್ನಿಸಿತು, ಹಾಕಿಸಿದೆ. ನಿಂತಲ್ಲೇ ವಾಲಿದರೂ 195 ಕಿಲೋ ಕಾಲಿನ ಮೇಲೆ ಬರುವುದು ತಪ್ಪಬೇಕು. ಹಿಂದೆ ಪಕ್ಕಕ್ಕೆ ಕೂತವರಿದ್ದಾಗ ಗಾಡಿ ಎಡಕ್ಕೆ ಎಳೆಯುವುದು ಅನುಭವಕ್ಕೆ ಬಂದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಚಕ್ರದ ಮಾತು. ತಂತಿ ಕಡ್ಡಿಯ ಚಕ್ರ ನೋಡಲು ಎಷ್ಟು ಚಂದ! ಆದರೆ ಈ ಗಾಡಿಯಲ್ಲಿ ಅದರೊಳಗೆ ಟ್ಯೂಬ್ ಇರುತ್ತದೆ. ಮೊಳೆ ಚುಚ್ಚಿದರೆ ಟ್ಯೂಬಿನ ಗಾಳಿ ಬೇಗ ಇಳಿಯುತ್ತದೆ. ರಸ್ತೆ ಬದಿಯಲ್ಲಿ ಚಕ್ರ ಬಿಚ್ಚಬೇಕು. ಅಲಾಯ್ ಚಕ್ರಕ್ಕೆ ಟ್ಯೂಬ್‌ಲೆಸ್ ಟೈರ್ ಬರುತ್ತದೆ. ಮೊಳೆ ಕಿತ್ತು ರಬ್ಬರ್ ಎಳೆ ತುರುಕಿ, ಗಾಳಿ ಹಿಡಿಸಿ ಹೊರಡಬಹುದು. ಸಂಜೆ ಹೊತ್ತು ಅಮ್ಮನನ್ನು ಊರಾಚೆ ರಸ್ತೆ ಬದಿಯಲ್ಲಿ ನಿಲ್ಲಿಸಿಕೊಂಡು ಪಂಕ್ಚರ್ ಅಂಗಡಿ ಹುಡುಕುವುದನ್ನು ನೆನೆಸಿಕೊಂಡರೆ ನನಗೆ ಅಲಾಯ್ ಕಡೆಗೇ ಮನಸ್ಸು ಹೋಗುತ್ತದೆ. ಬುಕಿಂಗ್ ಮಾಡುವಾಗಲೇ ಅಲಾಯ್ ಇರುವ ಮಾಡೆಲ್ ಆರಿಸಿಕೊಂಡದ್ದು ಇದೇ ಕಾರಣಕ್ಕೆ. ಬುಕಿಂಗ್ ಫಾರಂ ತುಂಬುವಾಗಲೇ ಅರ್ಧ ಮಾಡಿಫಿಕೇಶನ್ ಮುಗಿದಿರುತ್ತದೆ ಎನ್ನುವುದನ್ನು ಹೊಸಬರಿಗೆ ಹೇಳಬೇಕು. ಆಮೇಲೆ ಚಕ್ರ ಬದಲಾಯಿಸುವುದು ದುಬಾರಿ.

ಇನ್ನು ಸದ್ದು. ಈ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಬುಲೆಟ್ ಎಂದರೆ ಸದ್ದು ಎಂದು ಬೆಳೆದವರು ನಾವು. ಹಳೆಯ ಎಂಜಿನ್ನಿನ ಗುಡುಗು ಈಗಿನ 349 ಸಿಸಿ ಜೆ ಸರಣಿಯ ಎಂಜಿನ್ನಿನಲ್ಲಿ ಇಲ್ಲ ಎಂದು ಬಹಳ ಜನ ಕೊರಗುತ್ತಾರೆ. ಇದರೊಳಗೆ ಬ್ಯಾಲೆನ್ಸರ್ ಶಾಫ್ಟ್ ಇದೆ, ನಡುಕ ಕಡಿಮೆ. ಸದ್ದೂ ತಣ್ಣಗಿದೆ. ಹಾಗಾಗಿ ಮೊದಲ ತಿಂಗಳಲ್ಲೇ ಸೈಲೆನ್ಸರ್ ಬದಲಾಯಿಸುವವರು ಬಹಳ. ಆ ಸದ್ದು ಯಾರಿಗೆ ಜಾಸ್ತಿ ಕೇಳುತ್ತದೆ? ಓಡಿಸುವವನು ಮುಂದೆ ಕೂತಿರುತ್ತಾನೆ, ತಲೆಗೆ ಹೆಲ್ಮೆಟ್ ಇರುತ್ತದೆ. ಸೈಲೆನ್ಸರಿನ ಬಾಯಿ ಇರುವುದು ಹಿಂದೆ, ಹಿಂದೆ ಕೂತವರ ಹತ್ತಿರ. ಅದಾದ ಮೇಲೆ ಬೀದಿಯವರಿಗೆ. ನಮ್ಮ ಬೀದಿಯಲ್ಲಿ ಹಾಸಿಗೆ ಹಿಡಿದ ಅಜ್ಜಂದಿರಿದ್ದಾರೆ, ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ. ಬೆಳಿಗ್ಗೆ ಐದು ಗಂಟೆಗೆ ಅವರನ್ನೆಲ್ಲ ಎಬ್ಬಿಸುವ ಹಕ್ಕು ನನಗಿಲ್ಲ. ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡು ಹೊಕ್ಕರೆ ಅಲ್ಲಿನ ಜೀವಗಳಿಗೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗಾದರೂ ನೆಮ್ಮದಿ ಇರಲಿ ಎಂದು ರಸ್ತೆಯನ್ನೇ ಮುಚ್ಚುತ್ತಾರೆ. ಹಗಲಲ್ಲಿ ಅದೇ ರಸ್ತೆಯಲ್ಲಿ ಜಿಂಕೆಗಳ ಪಕ್ಕದಲ್ಲೇ ಪಟಪಟ ಸಿಡಿಸಿಕೊಂಡು ಹೋಗುವ ಬೈಕುಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಎಂಜಿನ್ನಿನ ದೃಷ್ಟಿಯಿಂದಲೂ ಅದು ಒಳ್ಳೆಯದಲ್ಲ. ಜಾವಾ ಮೆಕ್ಯಾನಿಕ್ ಇದನ್ನು ಚೆನ್ನಾಗಿ ಹೇಳಿದರು. ಯೆಜ್ಡಿಯಂಥ ಟೂ ಸ್ಟ್ರೋಕ್ ಗಾಡಿಯಲ್ಲಿ ಸೈಲೆನ್ಸರ್ ಒಳಗಿನ ಅಳತೆ ಕೆಡಿಸಿದರೆ ಎಳೆತವೇ ಸತ್ತುಹೋಗುತ್ತಿತ್ತಂತೆ. ಸದ್ದು ಜಾಸ್ತಿಯಾದ ಮೇಲೆ ಗಾಡಿ ಜೋರಾಯಿತು ಎಂದು ಹುಡುಗರು ಅಂದುಕೊಳ್ಳುತ್ತಿದ್ದರು, ಏರು ಬಂದಾಗ ನಿಜ ಗೊತ್ತಾಗುತ್ತಿತ್ತು. ಈಗಿನದು ಫೋರ್ ಸ್ಟ್ರೋಕ್, ಲೆಕ್ಕ ಬೇರೆ. ಆದರೆ 2020ರ ಏಪ್ರಿಲ್‌ನಿಂದ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂದ ಮೇಲೆ ಹೊಗೆ ಹೋಗುವ ದಾರಿಯಲ್ಲೇ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್ ಇವೆ. ಎಷ್ಟು ಪೆಟ್ರೋಲ್ ಕೊಡಬೇಕು ಎಂದು ಕಂಪ್ಯೂಟರ್ ತೀರ್ಮಾನಿಸುವುದೇ ಆ ಸೆನ್ಸರ್ ಹೇಳಿದ ಮೇಲೆ. ಅಲ್ಲಿ ಕೈ ಹಾಕಿದರೆ ಹೊಗೆಯೂ ಕೆಡುತ್ತದೆ, ಮೈಲೇಜೂ ಕೆಡಬಹುದು.

ಕಾನೂನಂತೂ ಸ್ಪಷ್ಟ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ನಮೂದಿಸಿದ ವಿವರಗಳಿಗಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದಾಯಿತು. ಬೆಂಗಳೂರಿನಲ್ಲಿ ಪೊಲೀಸರು ವಶಪಡಿಸಿಕೊಂಡ ಸೈಲೆನ್ಸರ್‌ಗಳನ್ನು ಸಾಲಾಗಿ ಜೋಡಿಸಿ ರೋಡ್ ರೋಲರ್ ಹರಿಸಿದ್ದನ್ನು ನೀವೂ ನೋಡಿರುತ್ತೀರಿ. ದಂಡಕ್ಕಿಂತ ನನಗೆ ಮುಖ್ಯ ಅನ್ನಿಸುವುದು ಇನ್ಶೂರೆನ್ಸ್. ಹೇಳದೆ ಮಾಡಿಸಿದ ಬದಲಾವಣೆ ಅಪಘಾತದ ಹೊತ್ತಿನಲ್ಲಿ ಕ್ಲೈಮಿಗೆ ಅಡ್ಡ ಬರಬಹುದು. ಹಿಂದೆ ಕೂತವರ ಆಸ್ಪತ್ರೆ ಖರ್ಚಿನ ಪ್ರಶ್ನೆ ಬಂದಾಗ ಅಂಥ ತಕರಾರು ಬೇಕಾ? ಹಾಕಿಸಿದ ಆಕ್ಸೆಸರಿಗಳ ಬಿಲ್ಲು ಇಟ್ಟುಕೊಂಡು, ಇನ್ಶೂರೆನ್ಸ್ ಕಂಪನಿಗೆ ತಿಳಿಸಿಬಿಡುವುದು ಒಳ್ಳೆಯದು.

ಉಳಿದ ಚಿಕ್ಕಪುಟ್ಟವು. ಹ್ಯಾಂಡಲ್ ತುದಿಗೆ ಹಾಕುವ ಪುಟಾಣಿ ಕನ್ನಡಿ ಬೇಡ ಅಂದೆ. ಹಿಂದೆ ಬರುವ ಬಸ್ಸು ಪೂರ್ತಿ ಕಾಣಬೇಕು. ಮೊಬೈಲ್ ಹೋಲ್ಡರ್ ಹಾಕಿಸಿದೆ, ಆದರೆ ನಡುಕ ತಡೆಯುವ ರಬ್ಬರ್ ಇರುವಂಥದ್ದು. ಬೈಕ್ ಎಂಜಿನ್ನಿನ ನಡುಕಕ್ಕೆ ಫೋನಿನ ಕ್ಯಾಮೆರಾ ಹಾಳಾಗಬಹುದು ಎಂದು 2021ರಲ್ಲಿ ಆಪಲ್ ಕಂಪನಿಯೇ ಎಚ್ಚರಿಸಿದೆ. ಕ್ಲಚ್, ಬ್ರೇಕ್ ಲಿವರ್‌ಗಳನ್ನು ನನ್ನ ಕೈಯ ಇಳಿಜಾರಿಗೆ ಸ್ವಲ್ಪ ಕೆಳಕ್ಕೆ ತಿರುಗಿಸಿಕೊಂಡೆ. ನನಗೆಂದು ಮಾಡಿಕೊಂಡದ್ದರಲ್ಲಿ ಬಹಳ ಸುಖ ಕೊಟ್ಟದ್ದು ಇದೇ. ಹಿಂದೆ ಕೂರುವ ಇಬ್ಬರಿಗೂ ಅವರವರ ತಲೆಯ ಅಳತೆಗೆ ಐಎಸ್‌ಐ ಗುರುತಿನ ಹೆಲ್ಮೆಟ್ ಕೊಂಡೆ. ಅಮ್ಮನದ್ದು ತುರುಬಿನ ಮೇಲೆ ಕೂರಬೇಕಲ್ಲ, ಅಂಗಡಿಯಲ್ಲಿ ಹಾಕಿ ನೋಡಿಯೇ ಆರಿಸಬೇಕಾಯಿತು. ಇದನ್ನು ಮಾಡಿಫಿಕೇಶನ್ ಎನ್ನುತ್ತಾರೋ ಇಲ್ಲವೋ, ನನ್ನ ಪಟ್ಟಿಯಲ್ಲಿ ಇದು ಮೇಲೇ ಇದೆ.

ಇನ್ನು ಬಾಕಿ ಇರುವ ದೊಡ್ಡ ಕೆಲಸ ಹಿಂದಿನ ಸೀಟು. ಕಂಪನಿಯ ಅಗಲದ ಸೀಟು ಒಂದಿದೆ, ಚೆನ್ನಾಗಿಯೇ ಇದೆ. ಆದರೆ ಅದು ಎರಡೂ ಕಡೆ ಕಾಲು ಹಾಕಿ ಕೂರುವವರ ಲೆಕ್ಕದ್ದು. ಪಕ್ಕಕ್ಕೆ ಕೂತವರಿಗೆ ಸೀಟಿನ ಎಡ ಅಂಚು ತೊಡೆಗೆ ಒತ್ತುತ್ತದೆ, ನಂಜನಗೂಡು ಮುಟ್ಟುವ ಹೊತ್ತಿಗೆ ಕಾಲು ಜೋಮು ಹಿಡಿಯುತ್ತದೆ. ಸೀಟು ಹೊಲಿಯುವವರ ಹತ್ತಿರ ಅಮ್ಮನನ್ನೇ ಕರೆದುಕೊಂಡು ಹೋಗಿದ್ದೆ. ಅವರು ಗಾಡಿಯ ಮೇಲೆ ಕೂರಿಸಿ, ಎಲ್ಲಿ ಒತ್ತುತ್ತದೆ ಎಂದು ಕೇಳಿ, ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಎಡ ಅಂಚಿನಲ್ಲಿ ಫೋಮ್ ಇಳಿಜಾರಾಗಿ ಕೆತ್ತಬೇಕು, ನಡುವೆ ಗಟ್ಟಿ ಫೋಮ್ ಹಾಕಬೇಕು, ಮೇಲಿನ ಬಟ್ಟೆ ಜಾರದಂಥದ್ದು ಇರಬೇಕು, ಎತ್ತರ ಕೊಂಚವೂ ಹೆಚ್ಚಬಾರದು. ಹೆಂಡತಿ ಕೂತರೂ ವಾಲಿದ ಹಾಗೆ ಅನ್ನಿಸಬಾರದು. ಆಗುತ್ತದೆ, ಆದರೆ ಒರಿಜಿನಲ್ ಸೀಟನ್ನು ಕತ್ತರಿಸುವುದು ಬೇಡ, ಇನ್ನೊಂದು ಖಾಲಿ ಬೇಸ್ ತಂದುಕೊಡಿ ಎಂದರು ಅವರು. ಬೇಸ್ ಆರ್ಡರ್ ಮಾಡಿದ್ದೇನೆ. ಮಳೆ ನಿಂತ ಮೇಲೆ ಕೊಡಿ, ತೇವಕ್ಕೆ ಅಂಟು ಸರಿಯಾಗಿ ಹಿಡಿಯುವುದಿಲ್ಲ ಎಂದೂ ಹೇಳಿದ್ದಾರೆ. ದಸರಾ ಹೊತ್ತಿಗೆ ಸಿಗಬಹುದು.